ಬಿಳಿ ಕಣ ಇಷ್ಟು ಇರುವುದಿಲ್ಲ

೩ ಜುಲೈ ೧೯೭೮, ಸೋಮವಾರ

ಈ ದಿನಚರಿ ಪುಸ್ತಕ ನನಗಾಗಿ ಬಂದದ್ದಲ್ಲ. ಹಳ್ಳಿಹಳ್ಳಿ ತಿರುಗಿ ಜ್ವರದವರ ರಕ್ತ ತೆಗೆಯುವ ನೌಕರರು ಎಲ್ಲಿ ಹೋದೆವು, ಎಷ್ಟು ಮನೆ ನೋಡಿದೆವು ಎಂದು ಬರೆದಿಡಲಿ ಅಂತ ಜಿಲ್ಲಾ ಕಚೇರಿಯವರು ಕಳಿಸಿದ್ದು. ಒಂದು ಹೆಚ್ಚಿಗೆ ಬಂತು. ಧರ್ಮಣ್ಣ ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. "ಯಾಕೂಬಸಾಬ್ರ, ನೀವೂ ಬರೀರಿ. ಕುಂತಲ್ಲೇ ಕುಂತಿರ್ತೀರಿ, ದಿನಾ ಒಂದ ಸಾಲಿನಾಗ ಮುಗಿತದ," ಎಂದು ನಕ್ಕ.

ಅವನಿಗೇನು ಗೊತ್ತು. ಅವನು ಸೈಕಲ್ ತುಳಿದು ಬೆವರು ಸುರಿಸಿ ಎರಡು ಹಳ್ಳಿ ಮುಗಿಸುವಷ್ಟರಲ್ಲಿ ನಾನು ಮೈಕ್ರೋಸ್ಕೋಪಿನ ಮುಂದೆ ಕುಳಿತು ಅಫಜಲಪುರ ತಾಲೂಕನ್ನೇ ಸುತ್ತಿ ಬಂದಿರುತ್ತೇನೆ. ಇವತ್ತು ಅರವತ್ತೆರಡು ಸ್ಲೈಡು. ಮಣ್ಣೂರದ್ದು ಹದಿನೇಳು, ಅದರಲ್ಲಿ ನಾಲ್ಕಕ್ಕೆ ಮಲೇರಿಯಾ. ಚೌಡಾಪುರದ್ದು ಒಂಬತ್ತು, ಒಂದೂ ಇಲ್ಲ.

ಒಂದೊಂದು ಗಾಜಿನ ಪಟ್ಟಿಯ ಮೇಲೆ ಎರಡು ಗುರುತು ಇರುತ್ತವೆ. ಒಂದು ರಕ್ತದ ದಪ್ಪ ಚುಕ್ಕೆ, ಇನ್ನೊಂದು ತೆಳ್ಳಗೆ ಸವರಿದ್ದು. ನಾನು ನೋಡುವುದು ದಪ್ಪ ಚುಕ್ಕೆಯನ್ನು. ಬಣ್ಣ ಹಾಕುವಾಗ ಅದರಲ್ಲಿನ ಕೆಂಪು ಕಣಗಳೆಲ್ಲ ಒಡೆದುಹೋಗುತ್ತವೆ. ಉಳಿಯುವುದು ಬಿಳಿ ಕಣಗಳ ನೇರಳೆ ಬೊಟ್ಟು ಮತ್ತು ಮಲೇರಿಯಾದ ಹುಳ. ಹುಳ ಕಂಡರೆ ಪಾಸಿಟಿವ್, ಕಾಣದಿದ್ದರೆ ನೆಗೆಟಿವ್. ಮಿಕ್ಕಿದ್ದೆಲ್ಲ ಕಸ. ಕಸ ನೋಡದಂತೆ ಕಣ್ಣನ್ನು ಪಳಗಿಸುವುದೇ ಈ ವಿದ್ಯೆ. ನಾನು ನೋಡಿ ಮುಗಿಸಿದ ಸ್ಲೈಡುಗಳಲ್ಲಿ ಕೆಲವನ್ನು ಮೇಲಿನವರು ತರಿಸಿಕೊಂಡು ಮತ್ತೆ ನೋಡುತ್ತಾರೆ. ಹನ್ನೆರಡು ವರ್ಷವಾಯಿತು, ನನ್ನದೊಂದು ತಪ್ಪು ಸಿಕ್ಕಿಲ್ಲ. ಸಿಗುವುದೂ ಇಲ್ಲ.

೯ ಜುಲೈ, ರವಿವಾರ

ಮಗಳು ಖುರ್ಷಿದಳಿಗೆ ಶಾಲೆಯಲ್ಲಿ ಜೀವಕೋಶದ ಪಾಠ ಶುರುವಾಗಿದೆ. ಒಂಬತ್ತನೆಯ ಕ್ಲಾಸು. ಪಾಠ ಹೇಳುವವರು ಜೇವರ್ಗಿಯಿಂದ ಹೊಸದಾಗಿ ಬಂದ ಲೀಲಾಬಾಯಿ ಟೀಚರು. ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪು ಇದೆಯಂತೆ, ಒಡೆದೀತೆಂದು ಕಪಾಟಿಗೆ ಬೀಗ ಹಾಕಿದ್ದಾರಂತೆ. ಹೀಗಾಗಿ ಹುಡುಗಿಯರು ಬೋರ್ಡಿನ ಮೇಲೆ ಸೀಮೆಸುಣ್ಣದ ಕೋಶ ನೋಡಿ ಧನ್ಯರಾಗಬೇಕು.

"ಅಬ್ಬಾ, ಗಿಡಾನೂ ಜೀವಕೋಶದಿಂದ ಆಗ್ಯಾದ, ನಾವೂ ಜೀವಕೋಶದಿಂದ ಆಗೇವಿ ಅಂತ ಟೀಚರ್ ಹೇಳ್ತಾರ. ನಾ ಒಂದರೆ ಕಣ್ಣಿಲೆ ನೋಡಬ್ಯಾಡೇನು?"

ನೋಡಬೇಕು. ಮನೆಯಲ್ಲಿ ಮೈಕ್ರೋಸ್ಕೋಪಿನವನೇ ಇರುವಾಗ ಮಗಳು ಸೀಮೆಸುಣ್ಣ ನೋಡಿಕೊಂಡು ಇರುವುದೆಂದರೆ ದೀಪದ ಬುಡದಲ್ಲೇ ಕತ್ತಲೆ. ಅಡುಗೆಮನೆಯಿಂದ ಒಂದು ಉಳ್ಳಾಗಡ್ಡಿ ಎತ್ತಿಕೊಂಡು ಇಬ್ಬರೂ ಲ್ಯಾಬಿಗೆ ಹೊರಟೆವು. "ಸಾರಿಗೇ ಇಲ್ಲ, ಇವರ ಮಷೀನಿಗೆ ಉಳ್ಳಾಗಡ್ಡಿ ಬೇಕಂತ," ಎಂದು ಮೆಹರಾಜ ಹಿಂದಿನಿಂದ ಕೂಗಿದಳು. ನನ್ನ ಹೆಂಡತಿ ಆಳಂದ ಕಡೆಯ ನಿಂಬರ್ಗಾದ ತೊಗರಿ ಹೊಲದಲ್ಲಿ ಬೆಳೆದವಳು. ಸಿಟ್ಟು ಬಂದರೆ ಉರ್ದು, ಸಿಟ್ಟು ಇಲ್ಲದಾಗ ಕನ್ನಡ. ಇವತ್ತು ಕನ್ನಡವೇ ಇತ್ತು.

ಉಳ್ಳಾಗಡ್ಡಿಯ ಒಳಪೊರೆ ಬಿಡಿಸಿ, ಒಂದು ಹನಿ ಅಯೋಡಿನ್ ಹಾಕಿ ಇಟ್ಟೆ. ಒಂದು ಕಣ್ಣು ಮುಚ್ಚಿ ಬಗ್ಗಿದವಳು ಬಹಳ ಹೊತ್ತು ಏಳಲೇ ಇಲ್ಲ. "ಇಟ್ಟಂಗಿ ಗೋಡಿ ಕಟ್ಟಿದಂಗ ಅದ ಅಬ್ಬಾ. ಒಂದೊಂದು ಇಟ್ಟಂಗಿ ಒಳಗ ಒಂದೊಂದು ಚುಕ್ಕಿ." ಆ ಚುಕ್ಕಿಯೇ ಕೋಶಕೇಂದ್ರ ಎಂದೆ. ಆಮೇಲೆ ಅವಳ ಗಲ್ಲದ ಒಳಗಿನಿಂದ ಚೂರು ಕೆರೆದು ತೋರಿಸಿದೆ. ಅದಕ್ಕೆ ಗೋಡೆಯಿಲ್ಲ, ಬರೀ ತೆಳ್ಳನೆಯ ಪೊರೆ. ಅಂಚು ಮುರಿದ ಹಪ್ಪಳದಂತೆ ಅಡ್ಡಾದಿಡ್ಡಿ ಕಂಡಿತು. ಸಸ್ಯದ ಕೋಶ, ಪ್ರಾಣಿಯ ಕೋಶ, ಎರಡನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆದಳು. ಕೈ ಒಳ್ಳೆಯದಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತಾಳೆ, ಚಂದ ಮಾಡಲು ಹೋಗುವುದಿಲ್ಲ.

ನರದ ಕೋಶ ದಾರದಂತೆ ಉದ್ದ, ಸ್ನಾಯುವಿನದು ಕದಿರಿನಂತೆ, ರಕ್ತದ್ದು ದುಂಡಗೆ, ಒಂದೊಂದಕ್ಕೆ ಒಂದೊಂದು ಕೆಲಸ ಎಂದು ದಾರಿಯುದ್ದಕ್ಕೂ ಹೇಳಿಸಿಕೊಂಡಳು.

"ಎಲ್ಲಾಕ್ಕೂ ಕೋಶಕೇಂದ್ರ ಇರ್ತದೇನು?"

"ರಕ್ತದ ಕೆಂಪು ಕಣಕ್ಕಿಲ್ಲ. ಅದಕ್ಕೇ ಅದು ಇನ್ನೊಂದನ್ನ ಹುಟ್ಟಿಸಂಗಿಲ್ಲ. ನೂರಿಪ್ಪತ್ತು ದಿನ ದುಡೀತದ, ಹೋಗ್ತದ."

"ಪಾಪ," ಎಂದಳು. ಕೆಂಪು ಕಣಕ್ಕೆ ಪಾಪ ಎಂದವರನ್ನು ನಾನು ಇವತ್ತೇ ಕಂಡದ್ದು.

೧೯ ಜುಲೈ, ಬುಧವಾರ

ರವಿವಾರ ಮಣ್ಣೂರಿಗೆ ಹೋಗಿದ್ದೆವು. ಅಲ್ಲಿರುವವಳು ಮೆಹರಾಜಳ ಅಕ್ಕ ಗೌಸಿಯಾಬೇಗಂ. ಅವಳ ಹೆಣ್ಣುಮಕ್ಕಳ ಜೊತೆ ಖುರ್ಷಿದ ಭೀಮಾ ಹೊಳೆಗೆ ಇಳಿದು ಮಧ್ಯಾಹ್ನದವರೆಗೂ ನೀರಾಡಿದಳು. ಸೋಮವಾರ ಜ್ವರ.

ನಾನೇ ಬೆರಳು ಚುಚ್ಚಿ ರಕ್ತ ತೆಗೆದೆ. ಕ್ಲೋರೋಕ್ವಿನ್ ಗುಳಿಗೆ ನುಂಗಿಸಿದೆ. ಇವತ್ತು ಸ್ಲೈಡು ನೋಡಿದರೆ ದಪ್ಪ ಚುಕ್ಕೆಯ ತುಂಬ ನೇರಳೆ ಬಣ್ಣ, ಎಲ್ಲಿ ನೋಡಿದರೂ ಬೊಟ್ಟು, ಹುಳ ಹುಡುಕಲು ಸಂದು ಸಿಗಲಿಲ್ಲ. ನಾಗಣ್ಣನನ್ನು ಕರೆದು ಬೈದೆ. ಸ್ಲೈಡು ತೊಳೆದು ಬಣ್ಣ ಹಾಕುವುದು ಅವನ ಕೆಲಸ.

"ಬಣ್ಣ ನಿನ್ನೀದೇ ಅದ ರಿ ಸಾಹೇಬ್ರ. ಉಳಿದ ಸ್ಲೈಡೆಲ್ಲಾ ಸ್ವಚ್ಛ ಬಂದಾವಲ್ರಿ, ಇದೊಂದೇ ಹ್ಯಾಂಗ ಕೆಡ್ತದ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನಿಗೆ ಅದನ್ನೇ ಹೇಳಿದೆ. ನೂರು ಕಡೆ ಸರಿಸಿ ಸರಿಸಿ ನೋಡಿದೆ, ಹುಳವಿಲ್ಲ. ನೆಗೆಟಿವ್. ಮನಸ್ಸು ಹಗುರಾಯಿತು. ಮನೆಗೆ ಹೋಗುವಾಗ ಅರ್ಧ ಸೇರು ಬಾಲೂಷಾ ಮಿಠಾಯಿ ಒಯ್ದೆ.

೨೩ ಜುಲೈ, ರವಿವಾರ

ಜ್ವರ ಇಳಿದಿದೆ. ರಕ್ತದ ಕಣಗಳ ಪಾಠ ಬಂದಿದೆ, ತನ್ನ ರಕ್ತವನ್ನೇ ನೋಡಬೇಕೆಂದು ಹಟ. ಬುಧವಾರದ ಸ್ಲೈಡು ಇನ್ನೂ ಪೆಟ್ಟಿಗೆಯಲ್ಲಿತ್ತು. ದಪ್ಪ ಚುಕ್ಕೆಯಲ್ಲಿ ಕೆಂಪು ಕಣ ಇರುವುದಿಲ್ಲವಲ್ಲ, ಅದಕ್ಕೆ ತೆಳು ಸವರಿನ ಕಡೆ ತಿರುಗಿಸಿದೆ. ಎಣ್ಣೆಯ ಹನಿ ಬಿಟ್ಟು, ಕೆಂಪು ಕಣ ಸ್ಪಷ್ಟವಾಗುತ್ತಲೇ ಎದ್ದು ಅವಳಿಗೆ ಜಾಗ ಕೊಟ್ಟೆ. ನಾನು ಹೊರಗೆ ಬೇವಿನ ಕೆಳಗೆ ಕುಳಿತು ಬೀಡಿ ಸೇದಿ ಬಂದೆ.

ಬಂದು ನೋಡಿದರೆ ಪುಸ್ತಕದಲ್ಲಿ ದೊಡ್ಡದೊಂದು ವೃತ್ತ. ಅದರ ತುಂಬ ಕೆಂಪು ಕಣಗಳು, ನಡುನಡುವೆ ದೊಡ್ಡ ದೊಡ್ಡ ನೇರಳೆ ಬೊಟ್ಟುಗಳು. ಎಲ್ಲವೂ ಒಂದೇ ನಮೂನೆ, ಒಳಗೆಲ್ಲ ಕೋಶಕೇಂದ್ರವೇ ತುಂಬಿಕೊಂಡಿದೆ, ಅಂಚಿನಲ್ಲಿ ಕೂದಲೆಳೆಯಷ್ಟು ಕೋಶರಸ. ನನಗೆ ನಗು ಬಂತು.

"ಇದೇನವ್ವ, ಸಂತಿ ಕೂಡಿಸೀದಿ? ಬಿಳಿ ಕಣ ಇಷ್ಟು ಇರಂಗಿಲ್ಲ."

"ಅದಾವ ಅಬ್ಬಾ. ನಾ ಎಣಿಸೇನಿ."

"ಆರುನೂರು ಏಳುನೂರು ಕೆಂಪು ಕಣಕ್ಕ ಒಂದು ಬಿಳಿ ಕಣ. ಪುಸ್ತಕದಾಗ ಬರದಿಲ್ಲೇನು? ನೀ ನೋಡಿದ್ದು ಬಣ್ಣದ ಕಲಿ. ನಾಗಣ್ಣನ ಪ್ರತಾಪ. ಅಳಿಸು."

"ನೀ ಒಮ್ಮಿ ನೋಡು ಅಬ್ಬಾ," ಎಂದಳು.

"ಹನ್ನೆರಡು ವರ್ಷ ಅದನ್ನೇ ನೋಡೇನಿ. ಅಳಿಸು."

ಅಳಿಸಿದಳು. ರಬ್ಬರು ಒತ್ತಿ ತಿಕ್ಕಿದ್ದಕ್ಕೆ ಕಾಗದ ಜುಂಗು ಎದ್ದಿತು. ಪಠ್ಯಪುಸ್ತಕದಲ್ಲಿದ್ದಂತೆ ಎರಡೇ ಬಿಳಿ ಕಣ ಬರೆಸಿದೆ, ಒಂದರ ಕೋಶಕೇಂದ್ರ ಮೂರು ಗಂಟಾದದ್ದು, ಇನ್ನೊಂದರದ್ದು ದುಂಡಗಿನದು. ಚಿತ್ರ ಈಗ ಚಿತ್ರದಂತೆ ಕಾಣುತ್ತದೆ. ಮುಖ ಊದಿಸಿಕೊಂಡು ಬಂದಳು. ಆಗಲಿ, ಅಂಕ ಬಂದಾಗ ನಗುತ್ತಾಳೆ.

೩೧ ಜುಲೈ

ಹತ್ತಕ್ಕೆ ಒಂಬತ್ತು. ಕಾಗದ ಹೊಲಸಾಗಿದೆ ಎಂದು ಒಂದು ಅಂಕ ಕಳೆದಿದ್ದಾರೆ ಲೀಲಾಬಾಯಿ.

೧೪ ಆಗಸ್ಟ್, ಸೋಮವಾರ

ರಮಜಾನ್. ಈ ಸಲ ಎಲ್ಲ ರೋಜಾ ಹಿಡಿಯುತ್ತೇನೆಂದು ಕುಳಿತಿದ್ದಾಳೆ ಖುರ್ಷಿದ. ಮುಖ ಬಿಳುಚಿಕೊಂಡಿದೆ, ಶಾಲೆಯಿಂದ ಬಂದವಳೇ ಚಾಪೆಯ ಮೇಲೆ ಬೀಳುತ್ತಾಳೆ. ಇಫ್ತಾರಿನ ಹೊತ್ತಿಗೆ ಎಬ್ಬಿಸಬೇಕು. "ರೋಜಾ ಹಿಡಿದಾಕಿ ಹಿಂಗ ಸತ್ತಂಗ ಮಲಗಿದರ ಅಲ್ಲಾಗೂ ನಾಚಿಕಿ ಬರ್ತದ," ಎಂದು ಕೆಣಕಿದೆ. ನಗಲಿಲ್ಲ. ಕಾಲಿನ ಎಲುಬು ನೋಯುತ್ತವಂತೆ. ಬೆಳೆಯುವ ವಯಸ್ಸು.

ಎಪ್ಪತ್ತೊಂದು ಸ್ಲೈಡು. ನನ್ನದೇ ದಾಖಲೆ.

೨ ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದದ್ದು ನಿಲ್ಲಲಿಲ್ಲ. ಬಟ್ಟೆ ಒತ್ತಿಟ್ಟುಕೊಂಡು ಕುಳಿತಳು. ಮೆಹರಾಜ ಅವಳ ಕಾಲು ತೋರಿಸಿದಳು, ಮೊಣಕಾಲಿನ ಕೆಳಗೆ ಅಲ್ಲಲ್ಲಿ ನೀಲಿಗಟ್ಟಿದ ಕಲೆ. ಎಲ್ಲೂ ಬಿದ್ದಿಲ್ಲ, ತಾಗಿಸಿಕೊಂಡಿಲ್ಲ. ನಮ್ಮ ಡಾಕ್ಟರರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಹಬ್ಬ ಮುಗಿಯುತ್ತಲೇ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಎಂದರು. ಯಾಕೆ ಎಂದು ಕೇಳಿದೆ. "ಹೋಗ್ರಿ ಯಾಕೂಬಸಾಬ್ರ," ಎಂದರು ಅಷ್ಟೇ.

೮ ಸೆಪ್ಟೆಂಬರ್, ಶುಕ್ರವಾರ. ಸೊಲ್ಲಾಪುರ

ಇಲ್ಲಿಯ ದೊಡ್ಡ ಡಾಕ್ಟರರು ಮುದುಕರು, ಅಕ್ಕಲಕೋಟೆಯ ಕಡೆಯವರು, ಕನ್ನಡ ಬರುತ್ತದೆ. ನಾನು ಸ್ಲೈಡು ನೋಡುವವನೆಂದು ತಿಳಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. "ನೀವೂ ಇದೇ ಕೆಲಸದವರು. ನಾ ಹೇಳೋದಕ್ಕಿಂತ ನೀವೇ ನೋಡ್ರಿ," ಎಂದರು.

ನೋಡಿದೆ.

ದೊಡ್ಡ ದೊಡ್ಡ ನೇರಳೆ ಕೋಶಗಳು. ಎಲ್ಲವೂ ಒಂದೇ ನಮೂನೆ. ಒಳಗೆಲ್ಲ ಕೋಶಕೇಂದ್ರವೇ ತುಂಬಿಕೊಂಡಿದೆ, ಅಂಚಿನಲ್ಲಿ ಕೂದಲೆಳೆಯಷ್ಟು ಕೋಶರಸ.

"ಬಿಳಿ ಕಣ ಆಗಬೇಕಾದವು, ಬೆಳೀಲಿಲ್ಲ," ಎಂದರು ಡಾಕ್ಟರು. "ಕೂಸಾಗೇ ಉಳಿದು ಸಂಖ್ಯಾ ಬೆಳಸ್ಯಾವ. ಎಲುಬಿನ ಮಜ್ಜಿಯೊಳಗ ಮತ್ಯಾವ ಕೋಶಕ್ಕೂ ಜಾಗಾ ಬಿಟ್ಟಿಲ್ಲ. ಕೆಂಪು ಕಣ ಇಲ್ಲ, ಅದಕ್ಕ ಬಿಳುಪು. ರಕ್ತ ಹೆಪ್ಪು ಹಿಡಿಸೋ ಕಣ ಇಲ್ಲ, ಅದಕ್ಕ ಒಸಡಿನಾಗ ರಕ್ತ." ರಕ್ತದ ಕ್ಯಾನ್ಸರು. ಮುಂಬಯಿಗೆ ಚೀಟಿ ಬರೆದುಕೊಟ್ಟರು.

ನಾನು ಒಂದೇ ಮಾತು ಕೇಳಿದೆ. ಇದು ಜುಲೈನಲ್ಲೇ ಗೊತ್ತಾಗಿದ್ದರೆ?

"ಹೇಳಾಕ ಬರಂಗಿಲ್ಲ. ಔಷಧಕ್ಕ ಬಗ್ಗತಿತ್ತೋ ಏನೋ. ಬಗ್ಗತಿರಲಿಲ್ಲೋ ಏನೋ. ಜುಲೈದಾಗ ಯಾರ ನೋಡಿದ್ರು?"

"ಯಾರೂ ಇಲ್ರಿ," ಎಂದೆ.

೧೦ ಸೆಪ್ಟೆಂಬರ್, ರವಿವಾರ

ಲ್ಯಾಬಿನ ಬೀಗ ತೆಗೆದು ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಜುಲೈ ತಿಂಗಳಿನ ಒಂದು ಸ್ಲೈಡೂ ಇಲ್ಲ. ನಾಗಣ್ಣನ ಮನೆಗೆ ಹೋಗಿ ಕೇಳಿದೆ.

"ನೆಗೆಟಿವ್ ಸ್ಲೈಡ್ ಒಂದು ತಿಂಗಳಾದ ಮ್ಯಾಲೆ ತೊಳೀಬೇಕಂತ ನೀವೇ ಹೇಳೀರಲ್ರಿ. ಸೋಡಾ ಹಾಕಿ ಕುದಿಸಿ ತೊಳದು ಧರ್ಮಣ್ಣಗ ಕೊಟ್ಟೇನಿ."

ಹೌದು, ನಾನೇ ಹೇಳಿದ್ದು. ಅವಳ ರಕ್ತ ಇದ್ದ ಗಾಜಿನ ಮೇಲೆ ಈಗ ಯಾರ ರಕ್ತವಿದೆಯೋ. ನಾಗಣ್ಣ ನನ್ನ ಮುಖ ನೋಡಿ ಚಹಾ ಕುಡಿದು ಹೋಗಿರೆಂದ. ಅವತ್ತು ಅವನು ಹಾಕಿದ ಬಣ್ಣ ಸರಿಯಾಗಿಯೇ ಇತ್ತು ಎಂದು ಹೇಳಬೇಕೆಂದುಕೊಂಡೆ. ಹೇಳಲಾಗದೆ ಎದ್ದು ಬಂದೆ.

ಖುರ್ಷಿದ ಮಲಗಿದ್ದಾಗ ಅವಳ ಪಾಟೀಚೀಲದಿಂದ ರೆಕಾರ್ಡ್ ಪುಸ್ತಕ ತೆಗೆದೆ. ಆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲು ಒತ್ತಿದ ತಗ್ಗುಗಳು ಕಾಣುತ್ತವೆ. ದುಂಡಗೆ, ಒಳಗೊಂದು ದುಂಡಗೆ. ಎಣಿಸಿದೆ. ಹನ್ನೊಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನ್ನ ಮುಂದೆ ಕನ್ನಡಿಯೂ ಇತ್ತು, ನನ್ನ ಮಗಳೇ ಹಿಡಿದು ತೋರಿಸಿದ್ದಳು, ಅಳಿಸು ಎಂದೆ. ಬೇರೆ ಸಾಕ್ಷಿ ಇಲ್ಲ. ಈ ಪುಸ್ತಕವೊಂದು ಇರದಿದ್ದರೆ ನಾನು ತಪ್ಪೇ ಮಾಡಿಲ್ಲ.

೧೨ ಸೆಪ್ಟೆಂಬರ್

ಮೆಹರಾಜ ತನಗೆ ತಾನೇ ಒಂದು ಕಾರಣ ಹುಡುಕಿಕೊಂಡಿದ್ದಾಳೆ: ಮಣ್ಣೂರಿನ ಹೊಳೆ. ಹೊಸ ನೀರಿನಲ್ಲಿ ಹುಡುಗಿಯನ್ನು ಇಳಿಸಿದ್ದಕ್ಕೆ ರಕ್ತ ಕೆಟ್ಟಿತು ಎಂದು. ಗೌಸಿಯಾಬೇಗಂ ಇವತ್ತು ಬಸ್ಸಿಳಿದು ಓಡುತ್ತ ಬಂದರೆ ಅಂಗಳದಲ್ಲೇ ತಡೆದಳು.

"ನಾ ಬ್ಯಾಡ ಬ್ಯಾಡ ಅಂದ್ರೂ ನೀ ಕಳಿಸಿದಿ ಆಪಾ. ಹುಡುಗ್ಯಾರು ಆಡ್ಲಿ ಬಿಡು ಅಂದಿ. ನಿನ್ನ ಹೊಳಿ ನನ್ನ ಮಗಳ ರಕ್ತ ಕುಡೀಲಾಕತ್ತದ."

ಆ ಮುದುಕಿಯಂಥ ಹೆಂಗಸು ತಂದ ಮೊಸರಿನ ಗಡಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಅಳುತ್ತ ತಿರುಗಿ ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನೀರಿನಿಂದ ಈ ರೋಗ ಬರುವುದಿಲ್ಲ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕು? ಹೇಳಿದರೆ ಮತ್ತೆ ಯಾವುದರಿಂದ ಎಂದು ಕೇಳುತ್ತಾಳೆ. ಯಾವಾಗ ಬಂತು, ನೀವು ರಕ್ತ ನೋಡಿದ್ದಿರಲ್ಲ ಎಂದು ಕೇಳುತ್ತಾಳೆ. ಸುಮ್ಮನೆ ನಿಂತೆ. ನಾನು ಹೇಡಿ.

೪ ಅಕ್ಟೋಬರ್. ಮುಂಬಯಿ

ಬರೆಯಲು ಏನೂ ಇಲ್ಲ. ಕೂದಲೆಲ್ಲ ಉದುರಿದೆ.

೧೯ ಅಕ್ಟೋಬರ್. ಮುಂಬಯಿ

ವಾರಕ್ಕೆರಡು ಸಲ ರಕ್ತ ನೋಡುತ್ತಾರೆ. ನಾನು ಕಾಗದ ಕೇಳಿ ಇಸಿದುಕೊಂಡು ಓದುತ್ತೇನೆ. ಆ ನೇರಳೆ ಕೋಶಗಳು ಇಳಿಯುತ್ತವೆ, ಮತ್ತೆ ಏರುತ್ತವೆ. ಇವತ್ತು ಏರಿವೆ.

೩೦ ಅಕ್ಟೋಬರ್, ಸೋಮವಾರ

ಊರಿಗೆ ಕರೆದುಕೊಂಡು ಹೋಗಿ ಎಂದರು. ಬಂದೆವು.

೫ ನವೆಂಬರ್, ರವಿವಾರ

ಅಂಗಳದ ಬಿಸಿಲಿಗೆ ಹೊರಸು ಹಾಕಿ ಮಲಗಿಸಿದ್ದೆವು. ಮೆಹರಾಜ ನೀರು ತರಲು ಹೋಗಿದ್ದಳು. ಖುರ್ಷಿದ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಬ್ಬಾ, ನಾ ಅವತ್ತ ಬರದದ್ದು ಖರೇನೇ ಇತ್ತಲ್ಲ?"

ಯಾವುದು ಎಂದು ಕೇಳಿ ತಪ್ಪಿಸಿಕೊಳ್ಳಬಹುದಿತ್ತು. "ಹೌದವ್ವ. ಖರೇ ಇತ್ತು. ನೀ ಸರಿಯಾಗಿ ನೋಡಿದ್ದಿ. ನಾ ನೋಡಲಿಲ್ಲ," ಎಂದೆ.

"ಮುಂಬಯಿದಾಗ ಡಾಕ್ಟರ್ ಇನ್ನೊಬ್ಬ ಡಾಕ್ಟರಗ ಚಿತ್ರ ತಗದು ತೋರಿಸ್ಲಾಕತ್ತಿದ್ದ. ನಾ ಮಲಗಿದಲ್ಲಿಂದ ನೋಡಿದೆ. ನಂದರಂಗೇ ಇತ್ತು." ಕಣ್ಣು ತೆರೆದು ನನ್ನನ್ನು ನೋಡಿದಳು. "ಲೀಲಾಬಾಯಿ ಟೀಚರಗ ಹೇಳು. ಒಂದು ಮಾರ್ಕ್ ಕಳದಾರಲ್ಲ, ಅದನ್ನ ಕೊಡಂತ ಹೇಳು."

ನಕ್ಕಳು. ನಗುವಾಗ ಒಸಡು ಕಪ್ಪಾಗಿ ಕಂಡಿತು. ನಾನು ಅವಳ ಪಾದ ಹಿಡಿದುಕೊಂಡು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಮೆಹರಾಜಳ ಕೊಡದ ಸಪ್ಪಳ ಕೇಳಿದಾಗ ಮುಖ ಒರೆಸಿಕೊಂಡೆ.

"ಅಮ್ಮಾಗ ಹೇಳಿಲ್ಲೇನು?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದು ತಲೆ ಆಡಿಸಿದೆ. "ಖಾಲಾನ್ನ ಬೈಯೋದು ಬಿಡವಲ್ಲಳು. ಖಾಲಾ ಏನ್ ಮಾಡ್ಯಾಳ ಪಾಪ," ಎಂದಳು. ಅವಳ ಖಾಲಾ ಎಂದರೆ ಗೌಸಿಯಾಬೇಗಂ. ಮೆಹರಾಜ ಒಳಗೆ ಬಂದಳು, ಮಾತು ನಿಂತಿತು.

೨೦ ನವೆಂಬರ್, ಸೋಮವಾರ

ಕ್ಯಾಲೆಂಡರ್ ನೋಡಿದೆ. ಅವಳು ತನ್ನ ರಕ್ತ ನೋಡಿದ ದಿನದಿಂದ ನೂರಿಪ್ಪತ್ತು ದಿನ. ಅವತ್ತು ಅವಳ ಮೈಯಲ್ಲಿ ಓಡುತ್ತಿದ್ದ ಕೆಂಪು ಕಣಗಳಲ್ಲಿ ಈಗ ಒಂದೂ ಉಳಿದಿರಲಿಕ್ಕಿಲ್ಲ. ಈಗ ಓಡುತ್ತಿರುವುದು ಧರ್ಮಣ್ಣ ಕೊಟ್ಟದ್ದು, ನಾಗಣ್ಣ ಕೊಟ್ಟದ್ದು. ಶುಕ್ರವಾರ ಅವಳನ್ನು ಸೊಲ್ಲಾಪುರಕ್ಕೆ ಒಯ್ದಾಗ ಇಬ್ಬರೂ ನನ್ನ ಜೊತೆ ಬಂದು ಒಂದೊಂದು ಬಾಟಲಿ ಕೊಟ್ಟರು. ನನ್ನದು ಅವಳಿಗೆ ಹೊಂದಲಿಲ್ಲ.

೨೬ ನವೆಂಬರ್

ನಸುಕಿನ ಫಜರ್ ನಮಾಜಿನ ಹೊತ್ತಿಗೆ ಹೋದಳು.

೧೧ ಡಿಸೆಂಬರ್, ಸೋಮವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ಕಣ್ಣು ಮಂದವಾಗಿರಬೇಕು, ಇವತ್ತು ಇಪ್ಪತ್ತೇಳೇ ಮುಗಿದವು. ದಪ್ಪ ಚುಕ್ಕೆ ನೋಡಿದ ಮೇಲೆ ತೆಳು ಸವರಿನ ಕಡೆಗೂ ಕೈ ತಾನಾಗಿ ಹೋಗುತ್ತದೆ. ಕೆಂಪು ಕಣ, ಬಿಳಿ ಕಣ, ಎಲ್ಲ ನೋಡದೆ ಸ್ಲೈಡು ತೆಗೆಯಲು ಆಗುವುದಿಲ್ಲ. ಮಣ್ಣೂರಿನ ವಜೀರುನ್ನಿಸಾ, ಮೂವತ್ತು ವರ್ಷ, ಮಲೇರಿಯಾ ಇದೆ. ಚೌಡಾಪುರದ ಭಾಗೀರಥಿಬಾಯಿ, ಅರವತ್ತು, ಇಲ್ಲ, ಆದರೆ ಕೆಂಪು ಕಣ ಬಹಳ ಬಿಳುಚಿವೆ, ಡಾಕ್ಟರರಿಗೆ ತೋರಿಸಲು ಧರ್ಮಣ್ಣನ ಕೈಯಲ್ಲಿ ಚೀಟಿ ಕೊಟ್ಟೆ. ಮೌಲಾಲಿ, ಏಳು ವರ್ಷ, ಇಲ್ಲ. ಬಿಳಿ ಕಣ ಸರಿ ಇವೆ. ಎರಡು ಸಲ ನೋಡಿದೆ, ಸರಿ ಇವೆ.

"ಸ್ಲೈಡ್ ಬಾಕಿ ಬೀಳಲಾಕತ್ತಾವ ರಿ ಸಾಹೇಬ್ರ," ಎಂದ ನಾಗಣ್ಣ. ಬೀಳಲಿ. ಅವನಿಗೆ ಇವತ್ತು ಹೇಳಿದೆ, ಜುಲೈದಾಗ ನಿನ್ನ ಬಣ್ಣ ಚಲೋ ಇತ್ತು ಎಂದು. ಅವನಿಗೆ ನೆನಪೇ ಇರಲಿಲ್ಲ.

೨೩ ಡಿಸೆಂಬರ್

ಮೇಲಿನಿಂದ ಮೆಮೋ ಬಂದಿದೆ. ಕೆಲಸದ ವೇಗ ಕುಂದಿರುವುದಕ್ಕೆ ಕಾರಣ ತಿಳಿಸಬೇಕಂತೆ. ಕಾಗದ ಎದುರಿಗೆ ಇಟ್ಟುಕೊಂಡು ಕುಳಿತೆ. ಏನೆಂದು ಬರೆಯಲಿ? ಕೇಳಬೇಕಾದ ಕಾರಣ ಜುಲೈ ತಿಂಗಳಿನದು. ಆಗ ನನ್ನ ವೇಗಕ್ಕೆ ಶಾಭಾಸ್ ಎಂದಿದ್ದರು.

ಮೆಹರಾಜ ಮಾತಾಡುವುದೇ ಕಡಿಮೆ. ಆಡಿದರೆ ಆ ಹೊಳೆಯ ಮಾತು. ಅಕ್ಕನ ಮನೆಯಿಂದ ಬಂದ ಜೋಳದ ಚೀಲವನ್ನು ಬಸ್ಸಿನವನ ಕೈಯಲ್ಲಿ ತಿರುಗಿ ಕಳಿಸಿದ್ದಾಳೆ. ನಲವತ್ತು ವರ್ಷ ಒಂದೇ ದುಪಟ್ಟಿಯಲ್ಲಿ ಮಲಗಿ ಎದ್ದ ಹಾಗೆ ಇದ್ದ ಅಕ್ಕ-ತಂಗಿ. ತಪ್ಪು ನನ್ನದು ಎಂಬ ಒಂದೇ ಮಾತು ನನ್ನ ಬಾಯಲ್ಲಿದೆ, ಅದನ್ನು ಹೇಳಿದರೆ ಈ ಜಗಳ ಮುಗಿಯಿತು. ಪ್ರತಿ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತೇನೆ. ಅವಳು ರೊಟ್ಟಿ ಮುಂದಿಡುತ್ತಾಳೆ, ತಿಂದು ಹೋಗುತ್ತೇನೆ.

೫ ಜನವರಿ ೧೯೭೯, ಶುಕ್ರವಾರ

ಇವತ್ತು ನಲವತ್ತನೆಯ ದಿನ. ಫಾತೆಹಾ ಓದಿಸಿ, ಬಂದ ನಾಲ್ಕು ಜನರಿಗೆ ಊಟ ಹಾಕಿ ಕಳಿಸಿದ ಮೇಲೆ ಅಂಗಳದಲ್ಲಿ ಗೌಸಿಯಾಬೇಗಂ ನಿಂತಿದ್ದಳು. ಯಾವ ಬಸ್ಸಿಗೆ ಬಂದಿದ್ದಳೋ, ಅಲ್ಲೇ ಬೇವಿನ ಮರೆಯಲ್ಲಿ ಎಷ್ಟು ಹೊತ್ತು ಕುಳಿತಿದ್ದಳೋ ಗೊತ್ತಿಲ್ಲ. ಕೈಯಲ್ಲಿ ಬುತ್ತಿಯ ಗಂಟು.

ಮೆಹರಾಜ ಹೊಸ್ತಿಲಿಗೆ ಅಡ್ಡ ನಿಂತಳು. "ಒಳಗ ಬರಬ್ಯಾಡ ಆಪಾ. ಆಕಿ ಇದ್ದಾಗ ಬಂದದ್ದು ಸಾಕು."

"ಆಕಿ ಹೆಸರಿಲೆ ಒಂದು ತುತ್ತು ತಂದೇನಿ. ಇಟ್ಟು ಹೋಗ್ತೇನಿ. ನಂಗ ಬೈ, ಹೊಡಿ, ಬಾಗಲಾ ಮಾತ್ರ ಮುಚ್ಚಬ್ಯಾಡ ಬೇ."

"ನೀ ಹೊಳಿಗಿ ಕಳಿಸದಿದ್ದರ ನನ್ನ ಮಗಳು ಇವತ್ತ ಸಾಲಿಗಿ ಹೋಗ್ತಿದ್ದಳು."

ನಾನು ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಬಂದೆ. ಇಬ್ಬರ ನಡುವೆ ನಿಂತು ಪುಟ ತೆರೆದು ಬಿಸಿಲಿಗೆ ಓರೆಯಾಗಿ ಹಿಡಿದೆ.

"ಹೊಳಿದೇನೂ ತಪ್ಪಿಲ್ಲ. ಆಪಾಂದೂ ತಪ್ಪಿಲ್ಲ," ಎಂದೆ. "ಜುಲೈದಾಗ ಜ್ವರ ಬಂದಾಗ ನಾ ಆಕಿ ರಕ್ತ ನೋಡಿದೆ. ರೋಗ ಅವತ್ತೇ ಅದರಾಗಿತ್ತು. ನಂಗ ಕಾಣಲಿಲ್ಲ. ಆಕಿಗಿ ಕಾಣ್ತು. ಬರದು ತೋರಿಸಿದಳು. ಇಷ್ಟು ಇರಂಗಿಲ್ಲ ಅಂದೆ. ಅಳಿಸು ಅಂದೆ. ನೀ ಒಮ್ಮಿ ನೋಡು ಅಬ್ಬಾ ಅಂದಳು. ನೋಡಲಿಲ್ಲ."

ಮೆಹರಾಜ ಓದಿದವಳಲ್ಲ. ಪುಸ್ತಕ ಇಸಿದುಕೊಂಡು ಆ ಕಾಗದದ ಮೇಲೆ ಬೆರಳಾಡಿಸಿದಳು. ಜುಂಗು ಎದ್ದ ಕಡೆ ಬೆರಳು ನಿಂತಿತು. ಒಂದು ತಗ್ಗಿನ ಸುತ್ತ ತಿರುಗಿತು, ಮುಂದಿನದಕ್ಕೆ ಹೋಯಿತು.

"ಎಷ್ಟ ಅದಾವ?"

"ಹನ್ನೊಂದು."

"ಅವತ್ತ ತಿಳಿದಿದ್ದರ ಉಳೀತಿದ್ದಳೇನು?"

"ಗೊತ್ತಿಲ್ಲ. ಡಾಕ್ಟರಗೂ ಗೊತ್ತಿಲ್ಲ."

"ನಾಕು ತಿಂಗಳಿಂದ ನಾ ಆಪಾಗ ಅಂದದ್ದೆಲ್ಲಾ ನೀವು ಕೇಳ್ಕೋತ ಕುಂತಿದ್ರಿ."

ಸಿಟ್ಟು ಬಂದರೆ ಉರ್ದು ಎಂದು ಮೊದಲೆಲ್ಲೋ ಬರೆದಿದ್ದೆ. ಇವತ್ತು ಅವಳು ಕನ್ನಡದಲ್ಲೇ, ನೀರು ತಂದಿಡಿ ಎನ್ನುವ ದನಿಯಲ್ಲೇ ಮಾತಾಡಿದಳು. ಒಳಗೆ ಹೋಗಿ ಖುರ್ಷಿದಳ ಪಾಟೀಚೀಲದಿಂದ ಪೆನ್ಸಿಲು ತಂದು ಪುಸ್ತಕದ ಜೊತೆ ನನ್ನ ಕೈಯಲ್ಲಿ ಇಟ್ಟಳು.

"ಅಳಿಸಿದವರು ನೀವು. ಆಕಿ ಬರದದ್ದು ಬರದಂಗ ಬರೀರಿ."

ಆಮೇಲೆ ಹೊಸ್ತಿಲು ಬಿಟ್ಟು ಸರಿದಳು. ಗೌಸಿಯಾಬೇಗಂ ಒಳಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ಅಂಗಳಕ್ಕೆ ಕೇಳಿಸಿತು.

ಖುರ್ಷಿದ ಮಲಗುತ್ತಿದ್ದ ಹೊರಸಿನ ಮೇಲೆ ಕುಳಿತು ಬರೆದೆ. ತಗ್ಗಿನ ಮೇಲೆ ಪೆನ್ಸಿಲು ಇಟ್ಟರೆ ಕೈ ತಾನೇ ತಿರುಗುತ್ತದೆ, ದಾರಿ ಅವಳೇ ಹಾಕಿಟ್ಟಿದ್ದಾಳೆ. ನಾನು ಬರೆಸಿದ್ದ ಎರಡು ಸುಳ್ಳು ಕಣಗಳನ್ನು ಮೊದಲು ಅಳಿಸಿದೆ. ಹೊರಗಿನ ಗೆರೆ, ಒಳಗೆ ಕೋಶಕೇಂದ್ರ, ನಡುವೆ ಕೂದಲೆಳೆಯಷ್ಟು ಜಾಗ. ಒಂದೂ ಕಡಿಮೆ ಮಾಡಲಿಲ್ಲ. ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ಒಳಗೆ ಬುತ್ತಿಯ ಗಂಟು ಬಿಚ್ಚಿದರು. ಅಕ್ಕ-ತಂಗಿ ಇಬ್ಬರೂ ಒಂದೇ ತಾಟಿಗೆ ಕೂತದ್ದು ತಿಳಿಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಇನ್ನೂ ಎರಡು ಉಳಿದಿದ್ದವು, ಬರೆದೆ.